ದೋಣಿಯನ್ನು ಟ್ರೈಲರಿಗೆ ಏರಿಸುವುದೋ, ಹತ್ತಿಸುವುದೋ, ಕೂರಿಸುವುದೋ?

ಗೆಳೆಯರೇ,

ಒಂದು ಕ್ರಿಯಾಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕು. ಸುಮ್ನೆ ಕೇಳುತ್ತಿಲ್ಲ. ಈ ಪದದ ದೆಸೆಯಿಂದ ಐದು ಜನರ ಸೊಂಟ ಹಿಡಿದುಕೊಂಡಿದೆ.

ನಾನಿರುವುದು ಬೆಂಗಳೂರಿನ ದಕ್ಷಿಣದ ಕಡೆ. ಪಕ್ಕದ ಕೆರೆಯಲ್ಲಿ ಕಳೆ, ಪ್ಲಾಸ್ಟಿಕ್ ತೆಗೆಯಲು ನಮ್ಮ ಬಡಾವಣೆಯವರ ಹತ್ತಿರ 14 ಅಡಿಯ ಒಂದು ಫೈಬರ್ ದೋಣಿ ಇದೆ. ಏಪ್ರಿಲ್‌ನಲ್ಲಿ ಅದರ ತಳದಿಂದ ನೀರು ಜಿನುಗತೊಡಗಿತು. ರಿಪೇರಿಗೆ ಒಯ್ಯಲು ಟ್ರೈಲರ್ ತರಿಸಿದೆವು. ಅವತ್ತು ನಾನು ಊರಲ್ಲಿರಲಿಲ್ಲ. ವಾಟ್ಸಾಪಿನಲ್ಲಿ ‘ದೋಣಿ ಏರಿಸಿ, ಭದ್ರವಾಗಿ ಕಟ್ಟಿಡಿ’ ಎಂದು ಬರೆದೆ. ಸಂಜೆ ಫೋಟೋ ಬಂತು. ಟ್ರೈಲರ್ ಕೆಳಗೆ ಖಾಲಿ ನಿಂತಿದೆ. ದೋಣಿ ಕೆರೆ ಏರಿಯ ಮೇಲೆ, ಹೊಂಗೆ ಮರಕ್ಕೆ ಕಟ್ಟಿಸಿಕೊಂಡು ಕೂತಿದೆ. ಐವರು ಸೇರಿ ಹೊತ್ತುಕೊಂಡು ಹೋಗಿದ್ದಾರೆ. ಕೆರೆ ಕಾಯುವ ತಾತನಿಗೆ ಫೋನ್ ಮಾಡಿದೆ. ‘ಏರ್ಸಿ ಅಂದ್ರಲ್ಲ ಸಾರ್, ಏರಿ ಮೇಲ್ ಇಟ್ಟಿದೀವಿ’ ಎಂದರು.

ತಪ್ಪು ಅವರದ್ದಲ್ಲ. ಕೆರೆ ಪಕ್ಕ ಬದುಕುವವರಿಗೆ ಏರು, ಏರಿ, ಏರಿಸು ಎಲ್ಲ ಒಂದೇ ಬಳ್ಳಿಯ ಕಾಯಿಯಂತೆ ಕೇಳುತ್ತವೆ. ಇನ್ನೊಂದು ತಮಾಷೆ ಇದೆ. ನಮ್ಮ ಹುಡುಗರಲ್ಲಿ ಒಬ್ಬ ತಮಿಳು ಮನೆಮಾತಿನವನು. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಪುಣ್ಯಕ್ಕೆ ಅವತ್ತು ಅವನ ಮಾತು ನಡೆಯಲಿಲ್ಲ.

ಆಮೇಲೆ ಯೋಚಿಸಿದಾಗ ಅನ್ನಿಸಿದ್ದು, ಇದು ಒಂದು ಪದದ ಕೆಲಸ ಅಲ್ಲ. ನೀರು ಎಲ್ಲಿದೆ ಅನ್ನುವುದರ ಮೇಲೆ ಪದ ಬದಲಾಗಬೇಕು. ಕೆರೆ ತುಂಬಿರುವಾಗ ಟ್ರೈಲರನ್ನೇ ಹಿಂದಕ್ಕೆ ನೀರೊಳಗೆ ಬಿಡುತ್ತಾರೆ. ದೋಣಿ ತೇಲಿಕೊಂಡೇ ಅದರ ಮೇಲೆ ಬರುತ್ತದೆ. ಮುಂದಿನ ಬಳೆಗೆ ಕೊಕ್ಕೆ ಹಾಕಿ ಗಾಡಿಯನ್ನು ಮೆಲ್ಲಗೆ ಮುಂದೆ ತಂದರೆ, ನೀರು ಕೆಳಗಾದಂತೆ ದೋಣಿ ತಾನೇ ಟ್ರೈಲರಿನ ಮೇಲೆ ಕೂರುತ್ತದೆ. ಇಲ್ಲಿ ಯಾರೂ ಏನನ್ನೂ ಎತ್ತುವುದಿಲ್ಲ. ಇದಕ್ಕೆ ‘ಕೂರಿಸು’ ಸರಿ ಅಲ್ವಾ?

ನೀರು ಕಡಿಮೆಯಾದಾಗ ಆಟವೇ ಬೇರೆ. ಮೊನ್ನೆ ಮತ್ತೆ ದೋಣಿ ತೆಗೆಯಬೇಕಾಯಿತು, ಈ ಸಲ ನಾನೂ ಇದ್ದೆ. ಕಾಂಕ್ರೀಟ್ ರ‍್ಯಾಂಪು ಮುಗಿದ ಮೇಲೂ ನೀರಿಗೆ ಇಪ್ಪತ್ತು ಹೆಜ್ಜೆ ದೂರ. ನಡುವೆ ಬರೀ ಹೂಳು. ಮೇಲೆ ಒಣಗಿ ಬಿರುಕು ಬಿಟ್ಟಿದೆ, ಕಾಲಿಟ್ಟರೆ ಒಳಗೆ ಪಾಯಸ. ಟ್ರೈಲರಿನ ಚಕ್ರ ಕಾಂಕ್ರೀಟಿನ ತುದಿ ದಾಟಿದರೆ ದಡಕ್ಕನೆ ಕೆಳಗೆ ಬೀಳುತ್ತದೆ. ವಾಪಸ್ ಎಳೆಯುವಾಗ ಆ ತುದಿಗೇ ಸಿಕ್ಕಿ ಅಚ್ಚು ಬಾಗಬಹುದು. ಮೋಟಾರು ದೋಣಿ ಜಾಸ್ತಿ ಇರುವ ಕಡೆ ಇದು ಇನ್ನೂ ಕೆಟ್ಟದು. ಇಂಜಿನ್ ಜೋರು ಮಾಡಿ ದೋಣಿಯನ್ನು ಟ್ರೈಲರಿಗೆ ನುಗ್ಗಿಸಿ ನುಗ್ಗಿಸಿ, ರ‍್ಯಾಂಪಿನ ತುದಿಯಲ್ಲಿ ಗುಂಡಿಯೇ ಬಿದ್ದಿರುತ್ತದೆ.

ನಾವು ಸೆಂಟ್ರಿಂಗ್ ಹಲಗೆ ತಂದು ಹೂಳಿನ ಮೇಲೆ ಎರಡು ಸಾಲು ಹಾಸಿದೆವು. ಜೀಪನ್ನು ಮೇಲೆ ಗಟ್ಟಿ ನೆಲದಲ್ಲೇ ನಿಲ್ಲಿಸಿ, ಟ್ರೈಲರನ್ನು ಬಿಚ್ಚಿ ಉದ್ದನೆಯ ಹಗ್ಗ ಕಟ್ಟಿ ಇಳಿಬಿಟ್ಟೆವು. ಹಗ್ಗ ಕೈ ಜಾರಿದರೆ ಟ್ರೈಲರನ್ನು ತಡೆಯಲು ಬೇರೇನೂ ಇರುವುದಿಲ್ಲ. ಆದ್ದರಿಂದ ಹೆಜ್ಜೆಗೊಂದು ಸಲ ಚಕ್ರಕ್ಕೆ ಕಲ್ಲು ಕೊಡಬೇಕು. ದೋಣಿಯ ಮೂತಿ ಮಾತ್ರ ಟ್ರೈಲರಿಗೆ ತಾಗಿತು, ಉಳಿದದ್ದೆಲ್ಲ ಕೆಸರಲ್ಲಿ. ದೋಣಿ ಕೂರುವ ಪಟ್ಟಿಗಳಿಗೆ ನೀರು ಎರಚಿ, ಟ್ರೈಲರಿನ ಮುಂದಿರುವ ವಿಂಚಿನ (ಹಗ್ಗ ಸುತ್ತಿ ದೋಣಿ ಎಳೆಯುವ ಸಾಧನ) ಹಿಡಿಕೆ ತಿರುಗಿಸಿದೆವು. ಒಂದೊಂದು ಹಲ್ಲು ದಾಟುವಾಗಲೂ ‘ಟಕ್’ ಅಂತ ಸದ್ದು, ಒಂದು ಚೂರು ಮುಂದಕ್ಕೆ. ಮುಕ್ಕಾಲು ಗಂಟೆ ಹಿಡಿಯಿತು. ಇದನ್ನು ‘ಕೂರಿಸಿದೆವು’ ಅಂದರೆ ಸುಳ್ಳಾಗುತ್ತದೆ. ‘ಎಳೆದು ಹತ್ತಿಸಿದೆವು’ ಅನ್ನಬೇಕು.

‘ಹತ್ತಿಸು’ ಪರವಾಗಿ ಇನ್ನೊಂದು ಸಾಕ್ಷಿ ಇದೆ. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಜನ ‘ಲಾಂಚಿಗೆ ಗಾಡಿ ಹತ್ತಿಸು’ ಅಂತಲೇ ಹೇಳುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಗಾಡಿ ಹತ್ತಿಸುವುದನ್ನೇ ನಿಲ್ಲಿಸಿದ್ದೂ ಉಂಟು. 2025ರ ಜುಲೈನಲ್ಲಿ ಸೇತುವೆ ಆಯಿತು. ಲಾಂಚ್ ಕಾಲದ ಮಾತುಗಳನ್ನು ಆ ಕಡೆಯವರು ಯಾರಾದರೂ ಬರೆದಿಟ್ಟರೆ ಒಳ್ಳೆಯದು.

‘ನೀರು ಕಡಿಮೆಯಾಗಿದೆ’ ಅನ್ನುವುದಕ್ಕೂ ನನಗೆ ತಕರಾರಿದೆ. ಪೇಪರಿನವರು ‘ಮಟ್ಟ ಕುಸಿದಿದೆ’ ಅನ್ನುತ್ತಾರೆ. ಕೆಆರ್‌ಎಸ್‌ನಂಥ ಅಣೆಕಟ್ಟಿಗೆ ಅದು ಸರಿ. ಅಲ್ಲಿ ತುಂಬಿದ ಮಟ್ಟ 124.80 ಅಡಿ, ದಿನಾ ಅಳೆಯುತ್ತಾರೆ. ನಮ್ಮ ತಾತ ಹೇಳುವುದು ‘ನೀರು ಹಿಂದಕ್ ಹೋಗದೆ’ ಅಂತ. ದೋಣಿಯ ಕೆಲಸಕ್ಕೆ ಇದೇ ಸರಿಯಾದ ಮಾತು. ನಮಗೆ ಬೇಕಾದದ್ದು ಆಳ ಅಲ್ಲ, ಅಂಚು ಎಲ್ಲಿದೆ ಅನ್ನುವುದು. ದೋಣಿ ಇಳಿಸುವ ರ‍್ಯಾಂಪನ್ನು ಸಾಮಾನ್ಯವಾಗಿ ನೂರು ಅಡಿಗೆ 12ರಿಂದ 15 ಅಡಿ ಇಳಿಯುವಂತೆ ಕಟ್ಟುತ್ತಾರೆ. ಅಂದರೆ ನೀರು ಒಂದಡಿ ಇಳಿದರೆ ಅಂಚು ಏಳೆಂಟು ಅಡಿ ಹಿಂದೆ ಹೋಗುತ್ತದೆ. ನಮ್ಮ ಕೆರೆಗಳು ಏರಿ ಕಡೆ ಆಳ, ಅಂಗಳದ ಕಡೆ ತಟ್ಟೆ. ಅಂಗಳದ ಕಡೆ ಅದೇ ಒಂದಡಿಗೆ ನೀರು ಎಲ್ಲೋ ಹೋಗಿ ನಿಂತಿರುತ್ತದೆ.

ಇನ್ನು ನಾಮಪದಗಳು. ಟ್ರೈಲರಿನ ಮುಂದಿನ ಉದ್ದನೆಯ ಕಬ್ಬಿಣಕ್ಕೆ ನಾನು ಪದ ಹುಡುಕುತ್ತಾ ಕೂತಿದ್ದೆ. ಜೀಪಿನ ಡ್ರೈವರ್ ‘ಮೂಕಿ ಎತ್ರಣ್ಣಾ’ ಅಂದ. ಎತ್ತಿನ ಗಾಡಿಯ ಮೂಕಿ! ಅಲ್ಲಿಗೆ ಮುಗಿಯಿತು. ದೋಣಿ ಸ್ವಲ್ಪ ಹಿಂದೆ ಕೂತಿತ್ತು, ಅವನೇ ‘ಹಿಂಬಾರ ಆಗದೆ, ರೋಡಲ್ಲಿ ಅಲ್ಲಾಡ್ತದೆ’ ಅಂದ. ಒಟ್ಟು ಭಾರದ ಹತ್ತನೇ ಒಂದು ಪಾಲಿನಷ್ಟು ಮೂಕಿಯ ಮೇಲಿದ್ದರೆ ಟ್ರೈಲರ್ ನೆಟ್ಟಗೆ ಓಡುತ್ತದೆ. ಹೊಲದಿಂದ ಹುಲ್ಲು ಹೇರಿ ತಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಿಂಚಿಗೆ ಎಲ್ಲರೂ ರಾಟೆ ಅಂದರು, ನಾನೂ ಒಪ್ಪಿದೆ.

ರ‍್ಯಾಂಪು ಮಾತ್ರ ಬಗೆಹರಿದಿಲ್ಲ. ಸೋಪಾನಕಟ್ಟೆ, ಸ್ನಾನಘಟ್ಟ ಎರಡರಲ್ಲೂ ಮೆಟ್ಟಿಲು ಬರುತ್ತದೆ, ಟ್ರೈಲರ್ ಮೆಟ್ಟಿಲು ಇಳಿಯುವುದಿಲ್ಲ. ಕಡವು ಅಂದರೆ ಹೊಳೆ ದಾಟುವ ಜಾಗ. ರೇವು ನಮ್ಮ ಕೆರೆಗೆ ತೀರಾ ದೊಡ್ಡ ಮಾತಾಯಿತು. ಗೆಳೆಯರೊಬ್ಬರು ‘ಜಾರುಗಟ್ಟೆ’ ಅಂತ ಕಟ್ಟಿಕೊಟ್ಟರು. ಚೆನ್ನಾಗಿದೆ, ಆದರೆ ತಾತ ಕೇಳಿ ನಕ್ಕುಬಿಟ್ಟರು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೋಡಿದ ಬೆಂಗಳೂರಿಗರಿಗೆ ರ‍್ಯಾಂಪೇ ಕನ್ನಡ.

ಕರಾವಳಿಯವರಲ್ಲಿ ಒಂದು ಪ್ರಶ್ನೆ. ಐಲೇಸಾ ಹಾಕಿ ದೋಣಿಯನ್ನು ಮರಳಿನ ಮೇಲಕ್ಕೆ ತರುತ್ತೀರಲ್ಲ, ಆ ಕೆಲಸಕ್ಕೆ ಏನಂತೀರಿ? ಎಳೆಯುವುದೋ, ಹತ್ತಿಸುವುದೋ, ಬೇರೆ ಮಾತಿದೆಯೋ? ಕೆಳಗೆ ಹಾಕುವ ಮರದ ದಿಮ್ಮಿಗೆ ಏನು ಹೆಸರು?

ಕೆರೆ ಹತ್ತಿರ ಒಂದು ಬೋರ್ಡ್ ಹಾಕಿಸಬೇಕು. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ನೀರು ರ‍್ಯಾಂಪಿನ ತುದಿಗಿಂತ ಹಿಂದಕ್ಕೆ ಹೋಗಿದ್ದರೆ ಹಲಗೆ ಹಾಸದೆ ಟ್ರೈಲರ್ ಇಳಿಸಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟು, ದೋಣಿಯನ್ನು ಎಳೆದು ಹತ್ತಿಸಿ.’ ಭಾನುವಾರ ಪೇಂಟರ್ ಬರುತ್ತಾರೆ, ಅಕ್ಷರಕ್ಕಿಷ್ಟು ಅಂತ ದುಡ್ಡು. ಇದಕ್ಕಿಂತ ಗಿಡ್ಡ ಮಾತು ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ಬರೆಯಿರಿ.