ಹತ್ತು ಸಾವಿರದೊಳಗೆ ಸ್ಪೀಕರ್: ಸಬ್‌ವೂಫರ್ ಬೇಕಾ ಬೇಡ್ವಾ?

ತೀರ್ಥಳ್ಳಿ ಹುಡುಗ: ಮಾನಿಟರ್ ಒಳಗಿನ ಸ್ಪೀಕರ್ ಕೇಳಿ ಕೇಳಿ ಸಾಕಾಗಿದೆ, ಡೆಸ್ಕ್‌ಟಾಪ್‌ಗೆ 8-10 ಸಾವಿರದೊಳಗೆ ಒಂದು ಒಳ್ಳೆ ಸೆಟ್ ಹೇಳಿ. ಕೇಳೋದು ಜಾಸ್ತಿ ಯಕ್ಷಗಾನ, ಹಳೆ ಭಾವಗೀತೆ, ರಾತ್ರಿ ಒಂಚೂರು ಗೇಮು. ಶಿವಮೊಗ್ಗದಲ್ಲಿ ಒಬ್ರು ಅಂಗಡಿಯವ್ರು 2.1 (ಎರಡು ಪುಟ್ಟ ಸ್ಪೀಕರ್, ಜತೆಗೆ ಬೇಸಿಗೆ ಅಂತ್ಲೇ ಒಂದು ಸಬ್‌ವೂಫರ್ ಡಬ್ಬಿ) ತಗೊಳ್ಳಿ, 2000 ವ್ಯಾಟ್ ಇದೆ ಅಂತಾರೆ.

ಗಾಜನೂರ್ ಡ್ಯಾಂ: 2000 ವ್ಯಾಟಾ! ಮಾರಾಯ ಅದು ಪಿಎಂಪಿಒ, ಅಂದ್ರೆ ಕ್ಷಣಮಾತ್ರದ ಗರಿಷ್ಠ ಪವರ್ ಅಂತ ಹೇಳ್ಕೊಳ್ಳೋ ಲೆಕ್ಕ, ಬಾಕ್ಸ್ ಮೇಲೆ ಹಾಕಕ್ಕೆ ಅಂತ್ಲೇ ಇರೋ ನಂಬರ್. ಅಡಾಪ್ಟರ್ ತಿರುಗ್ಸಿ ನೋಡು, 12 ವೋಲ್ಟ್ 2 ಆಂಪ್ ಅಂತಿದ್ರೆ ಒಳಗೆ ಹೋಗೋದೇ 24 ವ್ಯಾಟು, ಹೊರಗೆ 2000 ಎಲ್ಲಿಂದ ಬರ್ತದೆ? ಆರ್‌ಎಂಎಸ್, ಅಂದ್ರೆ ಬಿಡದೆ ಕೊಡೋ ನಿಜವಾದ ಪವರ್ ಎಷ್ಟು ಅಂತ ಕೇಳು, ಅಂಗಡಿಯವ್ರು ಮಾತು ಬದಲಾಯಿಸ್ತಾರೆ.

ಸಾಗರದ ಭಟ್ಟ: ಯಕ್ಷಗಾನಕ್ಕಾದ್ರೆ ಕಣ್ಮುಚ್ಚಿ 2.0 ತಗಳಿ, ಸಬ್‌ವೂಫರ್ ಇಲ್ದೆ ಎರಡೇ ಡಬ್ಬಿ. ಎಡಿಫೈಯರ್ ಆರ್1280ಟಿ ನೋಡಿ, 4 ಇಂಚಿನ ವೂಫರ್ (ಕೆಳಗಿನ ದನಿ ಹೊರಡಿಸೋ ಕೋನ್), ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್. ಅಗ್ಗದ 2.1ರಲ್ಲಿ ಎಂತ ಆಗ್ತದೆ ಅಂದ್ರೆ ಮೇಜಿನ ಮೇಲಿನ ಪುಟ್ಟ ಡಬ್ಬಿಗಳಲ್ಲಿ ಎರಡು-ಮೂರು ಇಂಚಿನ ಕೋನ್ ಇರ್ತದೆ, ಭಾಗವತರ ದನಿಯ ಕೆಳಗಿನ ಭಾಗ ಅದ್ರಲ್ಲಿ ಬರದೇ ಇಲ್ಲ, ಅದನ್ನ ಮೇಜಿನ ಕೆಳಗಿರೋ ಸಬ್‌ವೂಫರ್ ಗೊಣಗ್ತದೆ. ಮದ್ದಳೆ ಪೆಟ್ಟು ಬರೀ ಗುಂ ಗುಂ.

ಹೊಸನಗರ ಗೇಮರ್: ಭಟ್ರೆ ನೀವು ಬರೀ ಮದ್ದಳೆ ಹಿಡ್ಕೊಂಡ್ರಿ, ಅವ್ರು ಗೇಮು ಅಂತನೂ ಹೇಳಿದಾರೆ. 4 ಇಂಚಿನ ಕೋನಲ್ಲಿ ಬಾಂಬ್ ಬಿದ್ರೆ ಪಟಾಕಿ ತರ ಕೇಳ್ತದೆ. ಬೇಸ್ ನಾಬ್ ಇರೋ 2.1 ತಗೊಂಡ್ರೆ ಪ್ರಸಂಗ ಕೇಳೋವಾಗ ಇಳ್ಸಿ, ಗೇಮಿಗೆ ಏರ್ಸಿ, ಮುಗೀತು. ಚಂಡೆಗೂ ಬೇಸ್ ಬೇಕಲ್ವಾ?

ಸಾಗರದ ಭಟ್ಟ: ಚಂಡೆ ಬೇಸ್ ವಾದ್ಯ ಅಲ್ವೇ ಅಲ್ಲ ಮಾರಾಯ್ರೆ! ಅದ್ರ ಪೆಟ್ಟು ಮೇಲಿನ ಶ್ರುತಿದು, ಒಣಗಿದ್ದು, ಅದಕ್ಕೆ ಬೇಕಾಗಿರೋದು ಒಳ್ಳೆ ಟ್ವೀಟರ್, ಅಂದ್ರೆ ಮೇಲಿನ ದನಿ ಹೊರಡಿಸೋ ಪುಟ್ಟ ಸ್ಪೀಕರ್. ನಾಬ್ ಇಳ್ಸಿದ್ರೆ ಗುಂ ಕಮ್ಮಿ ಆಗ್ತದೆ, ಇಲ್ಲದ ದನಿ ಎಲ್ಲಿಂದ ಬರ್ತದೆ? ಎಡಿಫೈಯರಿಗೂ ಬಲಗಡೆ ಡಬ್ಬಿ ಪಕ್ಕದಲ್ಲಿ ಬೇಸ್, ಟ್ರೆಬಲ್ ನಾಬ್ ಉಂಟು.

ಅಡಿಕೆ ತೋಟ: ಪ್ರೀಸೋನಸ್ ಎರಿಸ್ 3.5 ಕೂಡ ಚೆನ್ನಾಗಿದೆ, ರೇಟ್ ನೋಡ್ಕೊಳ್ಳಿ. ಆದ್ರೆ ಅದರ ಗಾಳಿ ತೂತು ಹಿಂದುಗಡೆ, ನಮ್ಮ ಕಡೆ ಮೇಜನ್ನ ಗೋಡೆಗೆ ಒತ್ತರಿಸಿ ಇಡೋದೇ ಅಭ್ಯಾಸ, ಹಾಗಿಟ್ರೆ ಬೇಸ್ ಊದ್ಕೊಳ್ತದೆ. ಆರ್1280ಟಿಗೆ ತೂತು ಮುಂದಿದೆ, ಆ ರಗಳೆ ಕಮ್ಮಿ. ಯಾವ್ದೇ ತಗೊಳ್ಳಿ, ಟ್ವೀಟರ್ ಕಿವಿ ಮಟ್ಟಕ್ಕೆ ಬರ್ಲಿ, ಎರಡು ಡಬ್ಬಿ ನಡುವೆ ಎಷ್ಟು ದೂರವೋ ನಿಮಗೂ ಅಷ್ಟೇ ದೂರ ಇರ್ಲಿ. ಡಬ್ಬಿಗಳ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿ, ಮೇಜು ನಡುಗೋದು ನಿಲ್ತದೆ.

ಆಗುಂಬೆ ಮಳೆ: ಎಲ್ಲಾ ಸರಿ, ಸಿಡಿಲಿನ ಬಗ್ಗೆ ಯಾರೂ ಹೇಳ್ಲಿಲ್ಲ. ಗುಡುಗು ಶುರುವಾದ್ರೆ ಸ್ವಿಚ್ ಆಫ್ ಸಾಲಲ್ಲ, ಪ್ಲಗ್ಗೇ ಕಿತ್ತಿಡಿ, ಇಂಟರ್ನೆಟ್ ವೈರ್ ಕೂಡ, ಆ ದಾರೀಲೂ ಬರ್ತದೆ. ಇನ್ನೊಂದು, ಮನೇಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ರೆ ಕರೆಂಟ್ ಹೋದ ತಕ್ಷಣ ಸ್ಪೀಕರ್ ಜುಂಯ್ ಅನ್ನಬಹುದು, ಸ್ಪೀಕರ್ ಹಾಳಾಯ್ತು ಅಂತ ಅಂಗಡಿಗೆ ಹೊತ್ಕೊಂಡು ಹೋಗ್ಬೇಡಿ.

ಹೊಸನಗರ ಗೇಮರ್: ನಾನಂತೂ ಸಬ್‌ವೂಫರ್ ಬಿಡಲ್ಲ. ಗೇಮಿಗೆ ಹೆಡ್‌ಫೋನ್ ಇದ್ರೆ ಮಾತ್ರ ಭಟ್ರ ಮಾತು ಕೇಳಿ.

ತೀರ್ಥಳ್ಳಿ ಹುಡುಗ: ಹೆಡ್‌ಫೋನ್ ಇದೆ, ಹಾಗಾದ್ರೆ 2.0ನೇ. ಶನಿವಾರ ಪೇಟೆಗೆ ಹೋಗ್ತೀನಿ, ಪೆನ್‌ಡ್ರೈವಲ್ಲಿ ಒಂದು ಪ್ರಸಂಗ ಹಾಕ್ಕೊಂಡು ಹೋಗಿ ಅಲ್ಲೇ ಕೇಳ್ತೀನಿ.

ಗಾಜನೂರ್ ಡ್ಯಾಂ: ಆರ್1280ಟಿಗೆ ಪೆನ್‌ಡ್ರೈವ್ ಹಾಕಕ್ಕೆ ಆಗಲ್ಲ, ಬ್ಲೂಟೂತೂ ಇಲ್ಲ, ಬ್ಲೂಟೂತ್ ಬೇಕಂದ್ರೆ ಆರ್1280ಡಿಬಿ ಮಾಡೆಲ್ ಆಗ್ಬೇಕು. ಫೋನಲ್ಲೇ ಹಾಕ್ಕೊಂಡು ಹೋಗು, ಹೆಡ್‌ಫೋನ್ ತೂತಿಲ್ಲದ ಫೋನ್ ಆದ್ರೆ ಟೈಪ್-ಸಿ ಕನೆಕ್ಟರ್ ಜೇಬಲ್ಲಿರ್ಲಿ.