ಒಂದೂಮುಕ್ಕಾಲು ಟನ್ ಸೆಡಾನ್ ತಗೊಂಡು ಟ್ರ್ಯಾಕ್ ಡೇಗೆ ಹೋಗಬಹುದಾ?

ಜಯನಗರ_ಸಿಕ್ಸ್:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಹತ್ತಿರ 2021ರ ಬಿಎಂಡಬ್ಲ್ಯು ಎಂ340ಐ ಇದೆ. ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, 387 ಎಚ್‌ಪಿ, 500 ಎನ್‌ಎಂ ಟಾರ್ಕ್ (ಎಳೆಯುವ ಬಲ), ಆಲ್ ವೀಲ್ ಡ್ರೈವ್. ನಾನೂ ಕೂತರೆ ಹತ್ತಿರಹತ್ತಿರ 1,750 ಕೆ.ಜಿ. ಆಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡು ಹದಿನಾಲ್ಕು ತಿಂಗಳಾಯಿತು. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಡುವುದು ಇದರಲ್ಲೇ, ತಿಪಟೂರಿಗೆ ಅಪ್ಪನನ್ನು ನೋಡಲು ಹೋಗುವುದೂ ಇದರಲ್ಲೇ. ಮನೆಯಲ್ಲಿ ಬೇರೆ ಕಾರಿಲ್ಲ.

ಹೋದ ತಿಂಗಳು ತಿಪಟೂರಿಗೆ ಹೊರಟಿದ್ದೆ. ಗುಬ್ಬಿ ದಾಟಿದ ಮೇಲೆ ರಸ್ತೆ ಖಾಲಿ ಇತ್ತು, ಸ್ವಲ್ಪ ಜೋರಾಗಿಯೇ ಓಡಿಸಿದೆ. ತಿರುವಿನಲ್ಲಿ ರಾಂಗ್ ಸೈಡಿಂದ ಒಂದು ಟ್ರ್ಯಾಕ್ಟರ್ ಬಂತು. ಕಾರು ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಒಬ್ಬ ಹುಡುಗ ಕೂತಿದ್ದ. ಅವನ ಮುಖ ಇನ್ನೂ ಕಣ್ಣ ಮುಂದಿದೆ. ಇನ್ನು ಮೇಲೆ ರಸ್ತೆಯಲ್ಲಿ ಹೀಗೆ ಓಡಿಸುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಜೋರಾಗಿ ಓಡಿಸುವುದಿದ್ದರೆ ಟ್ರ್ಯಾಕ್ ಡೇಯಲ್ಲಿ ಮಾತ್ರ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ.

ಆದರೆ ನನ್ನ ಗೆಳೆಯನೊಬ್ಬ ಫೋಕ್ಸ್‌ವ್ಯಾಗನ್ ಪೋಲೊ, ಚಿಕ್ಕ ಕಾರು, ಇಟ್ಟುಕೊಂಡಿದ್ದಾನೆ, ಟ್ರ್ಯಾಕ್‌ಗೆ ಹೋಗಿ ಬಂದವನು. "ನಿನ್ನ ಕಾರು ತುಂಬಾ ಭಾರ. ಮೂರು ಲ್ಯಾಪಿಗೆ ಬ್ರೇಕ್ ಸತ್ತುಹೋಗುತ್ತದೆ" ಅನ್ನುತ್ತಾನೆ. ಇದು ನಿಜವಾ? ಮೊದಲು ಚಿಕ್ಕಮಗಳೂರು ಕಡೆ ನಡೆಯುವ ಆಟೋಕ್ರಾಸ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಟ್ರ್ಯಾಕ್‌ಗೆ ಹೋಗುವುದು ಒಳ್ಳೆಯದಾ? ಇನ್ನೊಂದು ಮುಖ್ಯವಾದ ವಿಷಯ, ಅವತ್ತು ಸಂಜೆ ಇದೇ ಕಾರಿನಲ್ಲಿ ಮನೆಗೆ ವಾಪಸ್ ಬರಬೇಕು. ಸೋಮವಾರ ಸ್ಕೂಲಿದೆ.

ಸಕಲೇಶಪುರ_ಜಿಪ್ಸಿ:

ಸರ್, ಆಟೋಕ್ರಾಸ್ ಬಗ್ಗೆ ಮಾತ್ರ ಹೇಳುತ್ತೇನೆ. ಅದು ನನಗೆ ಗೊತ್ತಿರುವ ವಿಷಯ.

ನೀವು ವಿದೇಶದ ವಿಡಿಯೋ ನೋಡಿ ಕೇಳುತ್ತಿದ್ದೀರಿ ಅನ್ನಿಸುತ್ತದೆ. ಅಲ್ಲಿ ಆಟೋಕ್ರಾಸ್ ಅಂದರೆ ಡಾಂಬರಿನ ಬಯಲಿನಲ್ಲಿ ಕೋನ್ ಇಟ್ಟು ಓಡಿಸುವುದು. ನಮ್ಮ ಮಲೆನಾಡು, ಕೊಡಗಿನಲ್ಲಿ ಆಟೋಕ್ರಾಸ್ ಅಂದರೆ ಮಣ್ಣು. ಕೊಯ್ಲಾದ ಗದ್ದೆಯಲ್ಲೋ ಮೈದಾನದಲ್ಲೋ ಟ್ರ್ಯಾಕ್ ಕಡಿಯುತ್ತಾರೆ. ಬೆಳಿಗ್ಗೆ ನೀರು ಹೊಡೆದಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲುದ್ದ ಗಾಲಿ ಜಾಡು ಬಿದ್ದಿರುತ್ತದೆ. ನಾನು ಹನ್ನೊಂದು ವರ್ಷದಿಂದ ಜಿಪ್ಸಿ ಓಡಿಸುತ್ತಿದ್ದೇನೆ. ಎಂಜಿನ್ ಕೆಳಗೆ ಸಂಪ್ ಗಾರ್ಡ್ ಅನ್ನುವ ರಕ್ಷಣೆಯ ತಗಡು ಹಾಕಿದ ಕಾರುಗಳೇ ಅಲ್ಲಿ ಹೊಟ್ಟೆ ಉಜ್ಜಿಕೊಂಡು ಬರುತ್ತವೆ. ನಿಮ್ಮ ಕಾರಿನ ಬಂಪರ್ ಮೊದಲನೇ ತಿರುವಿನಲ್ಲೇ ಉಳಿದುಬಿಡುತ್ತದೆ.

ಬನ್ನಿ, ನೋಡಿ, ನಮ್ಮ ಜೊತೆ ಊಟ ಮಾಡಿ. ಕಾರು ಮಾತ್ರ ಪಾರ್ಕಿಂಗ್‌ನಲ್ಲೇ ಇರಲಿ. ನಿಜವಾಗಲೂ ಕೈ ಪಳಗಬೇಕು ಅಂದರೆ ಯಾರದಾದರೂ ಹಳೇ ಮಾರುತಿ ಎಸ್ಟೀಮ್ ಕೇಳಿ ಓಡಿಸಿ. ಕಾರು ಜಾರುವಾಗ ಕಣ್ಣು ಎಲ್ಲಿರಬೇಕು ಅನ್ನುವುದನ್ನು ಮಣ್ಣು ಕಲಿಸುವಷ್ಟು ಬೇಗ ಬೇರೆ ಯಾವುದೂ ಕಲಿಸುವುದಿಲ್ಲ.

ಹೊಸೂರು_ರೋಡ್:

ಜಯನಗರ ಸರ್, ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಇನ್ನರ್ಧ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಬ್ರೇಕ್ ಮಾಡುವ ಕೆಲಸ ಒಂದೇ. ಓಟವನ್ನು ಬಿಸಿಯಾಗಿ ಬದಲಾಯಿಸುವುದು. 1,800 ಕೆ.ಜಿ. ಗಾಡಿಯನ್ನು ಗಂಟೆಗೆ 180 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಎಷ್ಟು ಬಿಸಿ ಹುಟ್ಟುತ್ತದೆ ಗೊತ್ತಾ? ಹೆಚ್ಚುಕಮ್ಮಿ ಐದೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು. ಅದೂ ನಾಲ್ಕೈದು ಸೆಕೆಂಡಿನಲ್ಲಿ. ಒಂದು ಲ್ಯಾಪಿನಲ್ಲಿ ಇಂಥ ಬ್ರೇಕ್ ಮೂರು ನಾಲ್ಕು ಸಲ ಬಂದರೆ ಒಂದು ಹಂಡೆ ನೀರು ಕಾಯಿತು ಅಂತ ಲೆಕ್ಕ. ಇನ್ನು ಗೆಳೆಯರ ಪೋಲೊ ನೋಡಿ. ಅದು ಹಗುರ ಅನ್ನುವುದಷ್ಟೇ ಅಲ್ಲ, ಟ್ರ್ಯಾಕಿನ ಅದೇ ನೇರ ದಾರಿಯಲ್ಲಿ ಅದು 180 ಮುಟ್ಟುವುದೇ ಇಲ್ಲ. 150ರಿಂದ 80ಕ್ಕೆ ಇಳಿಸಿದರೆ ಅದರ ಲೆಕ್ಕ ಎರಡೂಕಾಲು ಲೀಟರ್. ಬಿಸಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಬ್ರೇಕ್ ಕೊಲ್ಲುವುದು ಬರೀ ತೂಕ ಅಲ್ಲ. ನಿಮ್ಮ 500 ಎನ್‌ಎಂ ಆ ತೂಕವನ್ನು ಪ್ರತಿ ತಿರುವಿಗೂ ಅಷ್ಟು ಜೋರಾಗಿ ತಂದು ನಿಲ್ಲಿಸುತ್ತದಲ್ಲ, ಅದು.

ನನಗೆ ಇದು ಗೊತ್ತಾದದ್ದು ಪುಸ್ತಕದಿಂದ ಅಲ್ಲ. ಆರು ವರ್ಷದ ಹಿಂದೆ ನನ್ನ ಸೆಡಾನ್ ತಗೊಂಡು ಮೊದಲ ಸಲ ಟ್ರ್ಯಾಕ್‌ಗೆ ಹೋಗಿದ್ದೆ. ಅದೂ ಒಂದೂವರೆ ಟನ್ ದಾಟಿದ ಗಾಡಿ. ಹೊಸ ಟೈರ್, ಹೊಸ ಎಂಜಿನ್ ಆಯಿಲ್, ಹೊಸ ಹೆಲ್ಮೆಟ್, ಎಲ್ಲಾ ಇತ್ತು. ಬ್ರೇಕ್ ಆಯಿಲ್ ಮಾತ್ರ ಮೂರು ವರ್ಷ ಹಳೆಯದು. ಎರಡನೇ ಸೆಷನ್, ಐದನೇ ಲ್ಯಾಪ್. ನೇರದ ಕೊನೆಯಲ್ಲಿ ಕಾಲಿಟ್ಟೆ, ಪೆಡಲ್ ಅರ್ಧಕ್ಕೆ ಹೋಯಿತು. ಇನ್ನೂ ಒತ್ತಿದೆ, ಫ್ಲೋರ್ ತನಕ ಹೋಯಿತು. ಎರಡು ಸಲ ಪಂಪ್ ಮಾಡಿ, ಗೇರ್ ಇಳಿಸಿ, ತಿರುಗಿಸುವ ಪ್ರಯತ್ನ ಬಿಟ್ಟು ನೇರ ಹುಲ್ಲಿಗೆ ಬಿಟ್ಟೆ. ಟ್ರ್ಯಾಕಿನ ಅಂಚಿನಲ್ಲಿ ಹಳೇ ಟೈರ್ ಪೇರಿಸಿದ ಗೋಡೆಗೆ ಹತ್ತು ಅಡಿ ಇರುವಾಗ ನಿಂತಿತು. ಪಿಟ್, ಅಂದರೆ ಕಾರು ಒಳಗೆ ಬಂದು ನಿಲ್ಲುವ ಜಾಗದ ಗೋಡೆಯ ಮೇಲಿಂದ ನನ್ನ ಹೆಂಡತಿ ನೋಡುತ್ತಿದ್ದಳು. ಇವತ್ತಿಗೂ ಟ್ರ್ಯಾಕ್‌ಗೆ ಹೊರಡುವ ಹಿಂದಿನ ರಾತ್ರಿ ಅವಳು ಕೇಳುವುದು ಒಂದೇ ಪ್ರಶ್ನೆ: "ಬ್ರೇಕ್ ಆಯಿಲ್ ಬದಲಾಯಿಸಿದಿರಾ?"

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಬ್ಬಿಯ ಮೇಲೆ ಡಾಟ್ 4 ಅನ್ನುವ ದರ್ಜೆ ಬರೆದಿದ್ದರೆ, ಹೊಸತರಲ್ಲಿ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ನೀವು ಪೆಡಲ್ ಒತ್ತಿದಾಗ ಗುಳ್ಳೆ ಕುಗ್ಗುತ್ತದೆ, ಡಿಸ್ಕನ್ನು ಹಿಡಿಯಬೇಕಾದ ಬ್ರೇಕ್ ಪ್ಯಾಡ್ ಅಲುಗುವುದಿಲ್ಲ. ಪ್ಯಾಡ್ ಕಾದು ಸೋತಾಗ ಬೇರೆ ಥರ ಇರುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಆದರೆ ಕಾರು ನಿಲ್ಲುವುದಿಲ್ಲ. ಈ ಎರಡರ ವ್ಯತ್ಯಾಸ ಕಾಲಿಗೆ ಗೊತ್ತಾಗಬೇಕು. ಎರಡರಲ್ಲಿ ಯಾವುದು ಕಂಡರೂ ಅವತ್ತಿನ ಆ ಸೆಷನ್ ಮುಗಿಯಿತು ಅಂತ ತಿಳಿಯಿರಿ. ಇನ್ನೊಂದು ಲ್ಯಾಪ್ ನೋಡೋಣ ಅನ್ನಬೇಡಿ.

ಹಾಗಾಗಿ ಮೊದಲು ಮೋಟುಲ್ ಆರ್‌ಬಿಎಫ್ 600 ಥರದ ಬ್ರೇಕ್ ಆಯಿಲ್ ಹಾಕಿಸಿ. ಹೊಸತರಲ್ಲಿ ಅದು 312 ಡಿಗ್ರಿ ತನಕ ಕುದಿಯುವುದಿಲ್ಲ. ನಾಲ್ಕೂ ಚಕ್ರದಲ್ಲಿ ಹಳೆಯದು ಪೂರ್ತಿ ಹೋಗುವ ತನಕ ಬ್ಲೀಡ್ ಮಾಡಿಸಿ, ಮುಂದೆ ನಿಂತು ನೋಡಿ. ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇದ್ದರೆ ಮೊದಲ ದಿನಕ್ಕೆ ಕಂಪನಿಯದ್ದೇ ಸಾಕು. ರೇಸ್ ಪ್ಯಾಡ್ ಬೇಡ. ಅದು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಸ್ಕೂಲ್ ಗೇಟಿನ ಮುಂದೆ ನಿಮಗೆ ಬೇಕಾಗುವುದು ತಣ್ಣಗಿರುವ ಬ್ರೇಕೇ, ಅಲ್ವಾ?

ಇನ್ನು ಓಡಿಸುವ ರೀತಿ. ಪೋಲೊದವರು ಏಳೆಂಟು ಲ್ಯಾಪ್ ಬಿಡದೆ ಹೊಡೆಯುತ್ತಾರೆ, ಅವರನ್ನು ನೋಡಿ ಓಡಿಸಬೇಡಿ. ಒಂದು ಲ್ಯಾಪ್ ಬಿಸಿ ಮಾಡಲು, ಮೂರು ಜೋರಾಗಿ, ಒಂದು ಪೂರ್ತಿ ಲ್ಯಾಪ್ ಬ್ರೇಕ್ ಮುಟ್ಟದಂತೆ ತಣ್ಣಗೆ. ಪಿಟ್‌ಗೆ ಬಂದ ಮೇಲೆ ಹ್ಯಾಂಡ್ ಬ್ರೇಕ್ ಹಾಕಬೇಡಿ, ನಿಂತ ಕಾರಿನ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಇದ್ದರೆ ಆಫ್ ಮಾಡಿ. ಕಾದ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡು ನಿಂತರೆ ಆ ಜಾಗದಲ್ಲಿ ಕಲೆ ಕೂರುತ್ತದೆ, ಆಮೇಲೆ ಸ್ಟೀರಿಂಗ್ ಅದುರುತ್ತದೆ. ಗೇರ್ 'ಪಿ'ಯಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಭಾರದ ಗಾಡಿಗೆ ತಿರುವಿನಲ್ಲಿ ಸಮಯ ಕೊಡಬೇಕು. ಬ್ರೇಕ್ ಬಿಟ್ಟ ಕೂಡಲೇ ಸ್ಟೀರಿಂಗ್ ಎಳೆದರೆ ಮೂತಿ ಹೊರಗೇ ಹೋಗುತ್ತದೆ. ಆಗ ಇನ್ನಷ್ಟು ತಿರುಗಿಸಿದರೆ ಮುಂದಿನ ಟೈರಿನ ಹೊರ ಅಂಚು ಸವೆಯುತ್ತದೆ, ಅಷ್ಟೇ. ಬ್ರೇಕ್ ನಿಧಾನವಾಗಿ ಬಿಡುತ್ತಾ ಒಳಗೆ ಹೋಗಿ. ಕಾರು ಜಾರದಂತೆ ತಾನೇ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಬೇಡಿ. ಅದರ ದೀಪ ಪದೇಪದೇ ಮಿನುಗಿದರೆ ನೀವು ಅವಸರ ಮಾಡುತ್ತಿದ್ದೀರಿ ಅಂತ ಅರ್ಥ. ಅದು ಕಾರನ್ನು ಹಿಡಿಯುವುದೂ ಬ್ರೇಕ್ ಒತ್ತಿಯೇ, ಆ ಬಿಸಿಯೂ ಲೆಕ್ಕಕ್ಕೆ ಸೇರುತ್ತದೆ.

ಯಾವ ಟ್ರ್ಯಾಕ್? ನಿಮಗೆ ಇರುಂಗಾಟ್ಟುಕೋಟೈ ಸರಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು, 3.7 ಕಿ.ಮೀ., ಹನ್ನೆರಡು ತಿರುವು. ಬೆಂಗಳೂರಿಂದ ಸುಮಾರು 300 ಕಿ.ಮೀ., ಚೆನ್ನೈ ಹೈವೇಯ ಪಕ್ಕದಲ್ಲೇ ಇದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ನನಗೆ ತುಂಬಾ ಇಷ್ಟ, ಆದರೆ ಅದು 2.1 ಕಿ.ಮೀ. ಮಾತ್ರ. ತಿರುವುಗಳು ಹತ್ತಿರಹತ್ತಿರ, ನಿಮ್ಮ ಬ್ರೇಕ್‌ಗೆ ಉಸಿರಾಡಲು ಜಾಗ ಕಮ್ಮಿ.

ಮಿಷಿಗನ್_ಮಂಡ್ಯ:

ಸಕಲೇಶಪುರದವರು ಹೇಳಿದ ಕೋನ್ ಆಟೋಕ್ರಾಸ್ ನಾನು ಇಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ನನ್ನದು ಡಾಡ್ಜ್ ಚಾರ್ಜರ್, 6.4 ಲೀಟರ್ ವಿ8, ಎರಡು ಟನ್ ಹತ್ತಿರ. ನಿಮ್ಮ ಕಾರು ನನ್ನ ಕಣ್ಣಿಗೆ ಹಗುರವಾಗಿಯೇ ಕಾಣುತ್ತದೆ.

ಇಲ್ಲಿ ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೇ ರನ್‌ವೇಯಲ್ಲೋ ಕೋನ್ ಇಡುತ್ತಾರೆ. ಒಂದು ಓಟ ಒಂದು ನಿಮಿಷದ ಆಸುಪಾಸು. ಒಂದು ಕೋನ್ ಬಿದ್ದರೆ 2 ಸೆಕೆಂಡ್ ಸೇರಿಸುತ್ತಾರೆ. ನಮ್ಮ ಸರದಿ ಮುಗಿದ ಮೇಲೆ ನಾವೇ ಬಿಸಿಲಲ್ಲಿ ನಿಂತು ಬೇರೆಯವರು ಬೀಳಿಸಿದ ಕೋನ್ ಎತ್ತಿಡಬೇಕು. ನಾನು ಜಾಸ್ತಿ ಕಲಿತದ್ದು ಆ ನಿಂತ ಹೊತ್ತಿನಲ್ಲಿ. ಒಂದು ಟನ್ನಿನ ಮಜ್ದಾ ಮಿಯಾಟಾ ಸ್ಪೋರ್ಟ್ಸ್ ಕಾರು ಹೇಗೆ ಹೋಗುತ್ತದೆ, ನನ್ನಂಥ ಗಾಡಿ ಎಲ್ಲಿ ತಡವರಿಸುತ್ತದೆ ಅನ್ನುವುದು ಹೊರಗಿಂದ ಚೆನ್ನಾಗಿ ಕಾಣುತ್ತದೆ. ಸಾಲು ಕೋನ್‌ಗಳ ನಡುವೆ ಹಾವಿನಂತೆ ಹೋಗುವಾಗ ಮಿಯಾಟಾ ಎಡಬಲ ಆಗಿ ಮುಗಿಸಿರುತ್ತದೆ, ನನ್ನ ಕಾರಿನ ಭಾರ ಆಗ ತಾನೇ ಒಂದು ಪಕ್ಕಕ್ಕೆ ಬಂದು ಕೂತಿರುತ್ತದೆ. ಕೋನ್ ಹತ್ತಿರ ಬಂದ ಮೇಲೆ ತಿರುಗಿಸಿದರೆ ತಡವಾಯಿತು. ಎರಡು ಕೋನ್ ಮುಂದೆ ನೋಡುತ್ತಾ, ಒಂದು ಕೋನ್ ಮೊದಲೇ ಕೈ ಶುರು ಮಾಡಬೇಕು.

ಓಟ ಚಿಕ್ಕದು, ಆದ್ದರಿಂದ ಬ್ರೇಕ್ ಕುದಿಯುವುದಿಲ್ಲ. ಮುಂದಿನ ಟೈರಿನ ಭುಜ ಮಾತ್ರ ಹಾಳಾಗುತ್ತದೆ. ಕ್ಯಾನ್ವಾಸ್ ಶೂಗೆ ಹಚ್ಚುವ ಬಿಳಿ ಪಾಲಿಶ್ ಇದೆಯಲ್ಲ, ಅದನ್ನು ಟೈರಿನ ಅಂಚಿಂದ ಪಕ್ಕದ ಗೋಡೆಗೆ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೋಡೆಯ ಮೇಲಿನ ಬಿಳಿ ತುಂಬಾ ಕೆಳಗಿನ ತನಕ ಅಳಿಸಿದ್ದರೆ ಗಾಳಿ ಕಮ್ಮಿ ಇದೆ, ಟೈರ್ ಮಡಚಿಕೊಳ್ಳುತ್ತಿದೆ. ಅಂಚಿನ ತನಕವೂ ಅಳಿಸದೆ ಉಳಿದಿದ್ದರೆ ಗಾಳಿ ಜಾಸ್ತಿ.

ಜಯನಗರ_ಸಿಕ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಂಡೆ ನೀರಿನ ಲೆಕ್ಕ ಅಪ್ಪನಿಗೂ ಫೋನಿನಲ್ಲಿ ಹೇಳಿದೆ. ಒಂದು ಅನುಮಾನ, ಇನ್ಶೂರೆನ್ಸ್?

ಹೊಸೂರು_ರೋಡ್:

ಪಾಲಿಸಿಯಲ್ಲಿ ಬಳಕೆಯ ಮಿತಿ ಅನ್ನುವ ಭಾಗ ಓದಿ. ಸಂಘಟಿತ ರೇಸ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವುಗಳಿಗೆ ಕವರ್ ಇಲ್ಲ ಅಂತ ಇರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಅಂತ ವಾದ ಮಾಡುವವರಿದ್ದಾರೆ. ನಾನು ಅದನ್ನು ನಂಬಿ ಹೋಗುವುದಿಲ್ಲ. ಒಳಗೆ ಏನಾದರೂ ಆದರೆ ಖರ್ಚು ನಮ್ಮದೇ ಅಂತ ಗಟ್ಟಿ ಮಾಡಿಕೊಂಡೇ ಗೇಟ್ ದಾಟುವುದು. ಆ ಯೋಚನೆ ಇದ್ದರೆ ಕಾಲೂ ಹದದಲ್ಲಿರುತ್ತದೆ.

ಹಾಂ, ಹೊರಡುವ ಮುಂಚೆ ಕಾರು ಖಾಲಿ ಮಾಡಿ. ಮಗಳ ಸೀಟು, ಛತ್ರಿ, ನೀರಿನ ಬಾಟಲಿ, ಡ್ರೈವರ್ ಪಕ್ಕದ ಮ್ಯಾಟ್ ಎಲ್ಲಾ ಹೊರಗೆ. ಮ್ಯಾಟ್ ಜಾರಿ ಪೆಡಲ್ ಕೆಳಗೆ ಹೋದರೆ ದೇವರೇ ಕಾಪಾಡಬೇಕು. ವೀಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 140 ಎನ್‌ಎಂಗೆ ನೋಡಿಕೊಳ್ಳಿ.

ಜಯನಗರ_ಸಿಕ್ಸ್:

ಹೋಗಿ ಬಂದೆ! ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಶನಿವಾರವೇ ಹೋಗಿ ಟ್ರ್ಯಾಕ್ ಹತ್ತಿರದ ಶ್ರೀಪೆರಂಬುದೂರಿನಲ್ಲಿ ಉಳಿದುಕೊಂಡೆ. ಭಾನುವಾರ ಹದಿನೈದು ನಿಮಿಷದ ಮೂರು ಸೆಷನ್ ಸಿಕ್ಕಿತು. ಮೊದಲನೆಯದರಲ್ಲಿ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿದ್ದರು. ಎರಡು ಲ್ಯಾಪ್ ಏನೂ ಮಾತಾಡಲಿಲ್ಲ. ಮೂರನೆಯದರಲ್ಲಿ "ಬೇಗ ಬ್ರೇಕ್ ಮಾಡಿ, ಮೆಲ್ಲಗೆ ಒತ್ತಿ" ಅಂದರು. ನನಗೆ ನಾಚಿಕೆಯಾಯಿತು. ಆದರೆ ಹಾಗೆ ಮಾಡಿದಾಗ ಕಾರು ತಿರುವಿನೊಳಗೆ ಎಷ್ಟು ಸಲೀಸಾಗಿ ಹೋಯಿತು ಅಂದರೆ, ಹದಿನಾಲ್ಕು ತಿಂಗಳು ಓಡಿಸಿದ್ದು ಇದೇ ಕಾರನ್ನಾ ಅನ್ನಿಸಿತು. ಒಂದು ಪೋಲೊ ಹಿಂದೆ ಬಂತು. ನೇರದಲ್ಲಿ ದೂರ ಆಗುತ್ತಿತ್ತು, ತಿರುವಿಗೆ ಬಂದಾಗ ಮತ್ತೆ ಕನ್ನಡಿಯಲ್ಲಿ ಇರುತ್ತಿತ್ತು. ಕೈ ತೋರಿಸಿ ದಾರಿ ಬಿಟ್ಟೆ, ಆಮೇಲೆ ಒಂದು ಲ್ಯಾಪ್ ಅವರ ಹಿಂದೆಯೇ ಹೋದೆ. ಅವರು ಬ್ರೇಕ್ ಬಿಡುತ್ತಿದ್ದ ಜಾಗ ನೋಡಿಕೊಂಡೆ.

ಪೆಡಲ್ ಕೊನೆಯ ತನಕ ಮೇಲೇ ಇತ್ತು. ಮೂರು ಲ್ಯಾಪ್, ಒಂದು ತಣ್ಣಗೆ. ಆ ನಿಯಮ ಮುರಿಯಲಿಲ್ಲ. ಎರಡನೇ ಸೆಷನ್ನಿನಲ್ಲಿ ಇನ್ನೊಂದು ಸುತ್ತು ಹಾಕೋಣ ಅಂತ ಬಹಳ ಆಸೆ ಆಯಿತು, ಹೊಸೂರು ಸರ್, ನಿಮ್ಮ ಟೈರ್ ಗೋಡೆ ನೆನಪಾಗಿ ಒಳಗೆ ಬಂದೆ.

ಟೈರಿಗೆ ಬೆಳಿಗ್ಗೆ 33 ಪಿಎಸ್‌ಐ ಇತ್ತು, ಮೊದಲ ಸೆಷನ್ ಮುಗಿದಾಗ 40. ಮಗಳ ಪಿಟಿ ಶೂ ಪಾಲಿಶ್ ತಗೊಂಡು ಹೋಗಿದ್ದೆ. ಬಿಳಿ ಗೆರೆ ಅಂಚಿನ ತನಕವೂ ಅಳಿಸಿರಲಿಲ್ಲ. 36ಕ್ಕೆ ಇಳಿಸಿದೆ, ಆಮೇಲೆ ಗೆರೆ ಸರಿಯಾದ ಜಾಗಕ್ಕೆ ಬಂತು. ಒಂದು ವಿಷಯ ಯಾರೂ ಹೇಳಿರಲಿಲ್ಲ, ಮುಂದೆ ಹೋಗುವವರಿಗೆ ಹೇಳುತ್ತೇನೆ. ಬಿಸಿಯಲ್ಲಿ ಇಳಿಸಿದ ಗಾಳಿ ತಣ್ಣಗಾದ ಮೇಲೆ 29 ಆಗಿತ್ತು. ಹೈವೇಗೆ ಏರುವ ಮುಂಚೆ ಬಂಕ್‌ನಲ್ಲಿ ಮತ್ತೆ ತುಂಬಿಸಿದೆ. ಇಲ್ಲದಿದ್ದರೆ 300 ಕಿ.ಮೀ. ಅಷ್ಟು ಕಮ್ಮಿ ಗಾಳಿಯಲ್ಲೇ ಬರುತ್ತಿದ್ದೆ.

ರಾತ್ರಿ ಹತ್ತೂವರೆಗೆ ಮನೆ. ಸೋಮವಾರ ಸ್ಕೂಲಿಗೆ ಹೋದದ್ದು ಅದೇ ಕಾರಿನಲ್ಲಿ. ವೆಲ್ಲೂರಿಂದ ಈಚೆಗೆ ಪೂರ್ತಿ 90ರಲ್ಲೇ ಬಂದೆ, ಅದಕ್ಕಿಂತ ಜೋರಾಗಿ ಹೋಗಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ.

ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇನೆ, ಆಗ ಬಿಸಿಲೂ ಕಮ್ಮಿ. ಬೆಂಗಳೂರಿಂದ ಯಾರಾದರೂ ಹೊರಡುವುದಿದ್ದರೆ ಹೇಳಿ. ಬೆಳಗಿನ ನಾಲ್ಕಕ್ಕೆ ಅತ್ತಿಬೆಲೆ ಟೋಲ್ ದಾಟಿ ಕಾಯುತ್ತೇನೆ.