ಯಿಗ್ ಫಿಲ್ಮ್: ಡ್ಯಾಂಪಿಂಗ್ ಕೆಳಗಿಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸ್ಪಟರಿಂಗ್‌ನಲ್ಲಿ (ಅಯಾನು ಬಡಿದು ಟಾರ್ಗೆಟ್ ಎಂಬ ಮೂಲವಸ್ತುವಿನಿಂದ ಪರಮಾಣು ಎಬ್ಬಿಸಿ ಕೂರಿಸುವ ವಿಧಾನ) 50 ನ್ಯಾನೋಮೀಟರ್ ದಪ್ಪದ ಯಿಗ್, ಅಂದರೆ ಯಿಟ್ರಿಯಂ ಐರನ್ ಗಾರ್ನೆಟ್ ಫಿಲ್ಮ್ ಬೆಳೆಸುತ್ತಿದ್ದೇನೆ. ಕೆಳಗಿರುವುದು ಜಿಜಿಜಿ, ಅಂದರೆ ಗ್ಯಾಡೊಲಿನಿಯಂ ಗ್ಯಾಲಿಯಂ ಗಾರ್ನೆಟ್. ಆಕ್ಸಿಜನ್‌ನಲ್ಲಿ 800 ಡಿಗ್ರಿಗೆ ಅನೀಲ್ ಮಾಡಿದರೂ, ಅಂದರೆ ಕಾಯಿಸಿ ಹದಮಾಡಿದರೂ, ಡ್ಯಾಂಪಿಂಗ್ (ಫಿಲ್ಮ್‌ನ ಕಾಂತೀಯ ಅಲೆ ಎಷ್ಟು ಬೇಗ ಸಾಯುತ್ತದೆ ಎಂಬ ಅಳತೆ) 0.001ರಲ್ಲೇ ನಿಂತಿದೆ. ಅನುಭವ ಇದ್ದವರು ಹೇಳಿ.

ಉತ್ತರ: ಆ 0.001 ಒಂದೇ ಫ್ರೀಕ್ವೆನ್ಸಿಯ ಲೈನ್‌ವಿಡ್ತ್‌ನಿಂದ, ಅಂದರೆ ಕಾಂತೀಯ ಅನುರಣನ ಪೀಕ್‌ನ ಅಗಲದಿಂದ, ಬಂದಿದ್ದರೆ ನಂಬಬೇಡಿ. 5ರಿಂದ 20 ಗಿಗಾಹರ್ಟ್ಸ್‌ವರೆಗೆ ಅಳೆದು, ಫ್ರೀಕ್ವೆನ್ಸಿಗೆ ತಕ್ಕಂತೆ ಅಗಲ ಹೇಗೆ ಏರುತ್ತದೆ ಎಂದು ಗೆರೆ ಎಳೆಯಿರಿ. ಡ್ಯಾಂಪಿಂಗ್ ಸಿಗುವುದು ಗೆರೆಯ ಇಳಿಜಾರಿನಿಂದ. ಸೊನ್ನೆ ಫ್ರೀಕ್ವೆನ್ಸಿಯಲ್ಲಿ ಉಳಿಯುವ ಅಗಲಕ್ಕೆ ಫಿಲ್ಮ್ ಎಲ್ಲ ಕಡೆ ಒಂದೇ ಥರ ಇಲ್ಲದಿರುವುದು ಕಾರಣ. ಎರಡಕ್ಕೂ ಮದ್ದು ಬೇರೆ ಬೇರೆ. ಫೀಲ್ಡ್ ಅನ್ನು ಫಿಲ್ಮ್‌ಗೆ ಲಂಬವಾಗಿ ಇಟ್ಟೂ ಒಮ್ಮೆ ಅಳೆಯಿರಿ. ಆಗ ಟೂ-ಮ್ಯಾಗ್ನಾನ್ ಸ್ಕ್ಯಾಟರಿಂಗ್‌ನ (ದೋಷಗಳಿಗೆ ಬಡಿದು ಅಲೆ ಬೇರೆ ಅಲೆಗಳಾಗಿ ಚದುರುವುದು) ಪಾಲು ಬಿಟ್ಟುಹೋಗುತ್ತದೆ. ಮೇಲೆ ಪ್ಲಾಟಿನಂ ಹಾಕಿದ್ದೀರಾ? ಹಾಕಿದ್ದರೆ ಸ್ಪಿನ್ ಪಂಪಿಂಗ್‌ನಿಂದಲೂ (ಸ್ಪಿನ್ ಪ್ಲಾಟಿನಂಗೆ ಸೋರಿಹೋಗುವುದು) ಡ್ಯಾಂಪಿಂಗ್ ಏರುತ್ತದೆ. ಅದಕ್ಕೆ ಮೊದಲು ಬರಿಯ ಫಿಲ್ಮ್ ಅಳೆಯಿರಿ.

ಇನ್ನೊಂದು ಉತ್ತರ: ಅನೀಲ್ ಬಿಸಿಗಿಂತ ಮೊದಲು ಎಕ್ಸ್‌ಆರ್‌ಡಿ, ಅಂದರೆ ಹರಳಿನ ರಚನೆ ತೋರಿಸುವ ಎಕ್ಸ್-ರೇ ಅಳತೆ, ನೋಡಿ. ಯಿಗ್ ಲ್ಯಾಟಿಸ್ (ಹರಳಿನಲ್ಲಿ ಮರುಕಳಿಸುವ ಘಟಕದ ಅಳತೆ) 12.376 ಆಂಗ್‌ಸ್ಟ್ರಾಮ್, ಜಿಜಿಜಿ 12.383. ವ್ಯತ್ಯಾಸ ನೂರಕ್ಕೆ 0.06 ಮಾತ್ರ. ಹಾಗಾಗಿ ಯಿಗ್‌ನ 444 ಪೀಕ್ (444 ಎಂಬ ಹರಳಿನ ಪದರಗಳಿಂದ ಬರುವುದು) 51 ಡಿಗ್ರಿ ಹತ್ತಿರ ಜಿಜಿಜಿ ಪೀಕ್‌ನ ಬಲಮಗ್ಗುಲಿಗೆ ಅಂಟಿಕೊಂಡೇ ಇರಬೇಕು. ನಮ್ಮ ಲೇಸರ್ ಡಿಪಾಸಿಷನ್ (ಲೇಸರ್‌ನಿಂದ ಟಾರ್ಗೆಟ್ ಸುಟ್ಟು ಕೂರಿಸುವ) ಫಿಲ್ಮ್‌ಗಳಲ್ಲಿ ಅದು ಎಡಕ್ಕೆ, ದೂರ ಹೋಗಿ ಕೂತಿತ್ತು. ತಿಂಗಳುಗಟ್ಟಲೆ ಫರ್ನೇಸ್ ಬಿಸಿ ಬದಲಿಸಿ ಸುಮ್ನೆ ಒದ್ದಾಡಿದೆವು. ಕೊನೆಗೆ ಕಬ್ಬಿಣ ಕಡಿಮೆ ಬೀಳುತ್ತಿದೆ ಎಂದು ಗೊತ್ತಾಯಿತು. ಆಕ್ಸಿಜನ್ ಒತ್ತಡ ಸರಿಮಾಡಿದ ಮೇಲೆ ಪೀಕ್ ಬಲಕ್ಕೆ ಬಂತು, ಲೈನ್ ಕೂಡ ಕಿರಿದಾಯಿತು. ಟಾರ್ಗೆಟ್‌ನಲ್ಲಿ ಯಿಟ್ರಿಯಂ-ಕಬ್ಬಿಣ 3ಕ್ಕೆ 5 ಅನುಪಾತ ಇದ್ದ ಮಾತ್ರಕ್ಕೆ ಫಿಲ್ಮ್‌ನಲ್ಲೂ ಹಾಗೇ ಇರುತ್ತದೆ ಅಂತ ಅಲ್ಲ.

ಮತ್ತೊಂದು: ದಪ್ಪ ಜಾಸ್ತಿಯಾದರೂ ಪರವಾಗಿಲ್ಲ ಅಂದರೆ ಎಲ್‌ಪಿಇ (ಲಿಕ್ವಿಡ್ ಫೇಸ್ ಎಪಿಟಾಕ್ಸಿ) ಫಿಲ್ಮ್ ತರಿಸಿ ಹೋಲಿಸಿ. ಸೀಸದ ಆಕ್ಸೈಡ್ ಕರಗಿಸಿ ಬೆಳೆಸುವ ಹಳೆಯ ವಿಧಾನ ಅದು, ಡ್ಯಾಂಪಿಂಗ್ 0.0001 ಅಥವಾ ಅದಕ್ಕೂ ಕಡಿಮೆ ಸಿಗುತ್ತದೆ. ಮುಳುಗಿಸಿ ಬೆಳೆಸುವುದರಿಂದ ಎರಡೂ ಮಗ್ಗುಲಿಗೆ ಫಿಲ್ಮ್ ಬರಬಹುದು, ಹಿಂಬದಿ ಉಜ್ಜಿ ತೆಗೆಯದಿದ್ದರೆ ಅದರ ಸಿಗ್ನಲ್ಲೂ ಸೇರಿಕೊಳ್ಳುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಲಂಬವಾಗಿ ಅಳೆದೆ. ಇಳಿಜಾರು 0.0004 ಕೊಟ್ಟಿತು, ಉಳಿದ ಅಗಲವೇ ದೊಡ್ಡದು. 5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಆಯುಸ್ಸು ಸುಮಾರು 80 ನ್ಯಾನೋಸೆಕೆಂಡ್, 0.0001 ಆದರೆ 300 ಮುಟ್ಟುತ್ತದೆ. ಪೀಕ್ ಎಡಕ್ಕೇ ಇದೆ. ನಾಳೆ ಆಕ್ಸಿಜನ್ ಒತ್ತಡ ಬದಲಿಸಿ ಹೊಸ ಸ್ಯಾಂಪಲ್ ಹಾಕುತ್ತೇನೆ.